ಒಂದೇ ವರ್ಷದ ಎರಡು ಬಾಟಲಿಗಳು

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ ಕೆಂಪು ವೈನನ್ನು ವರ್ಷಗಟ್ಟಲೆ ಕಾಪಿಟ್ಟು ಮಾಗಿಸುತ್ತೇನೆ ಎಂದರೆ ತಿಳಿದವರು ನಗುತ್ತಾರೆ, ಆ ನಗುವಿನಲ್ಲಿ ನ್ಯಾಯವೂ ಇದೆ. ವೈನ್ ಬಾಟಲಿಗೆ ಬೇಕಾದದ್ದು 12ರಿಂದ 14 ಡಿಗ್ರಿಯ ಆಸುಪಾಸಿನಲ್ಲಿ ಏರಿಳಿತವಿಲ್ಲದೆ ಉಳಿಯುವ, ಬೆಳಕು ಬೀಳದ ಜಾಗ. ಯುರೋಪಿನಲ್ಲಿ ಅದಕ್ಕೆಂದೇ ನೆಲಮಾಳಿಗೆಗಳಿವೆ. ನಮ್ಮೂರಿನ ಆರ್‌ಸಿಸಿ ಮನೆಗಳಲ್ಲಿ ಮೇ ತಿಂಗಳ ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದರೆ ಕೈಗೆ ಬಿಸಿ ತಾಗುತ್ತದೆ. ಇಂಥ ಊರಿನಲ್ಲಿ ಇಟ್ಟ ವೈನಿಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ಅಕ್ಕಪಕ್ಕದಲ್ಲಿಟ್ಟು ನೋಡುವ ಅವಕಾಶ ಕಳೆದ ಜನವರಿಯಲ್ಲಿ ನಮಗೆ ಸಿಕ್ಕಿತು.

ಪಾರ್ವತಿ ನಗರದಲ್ಲಿರುವ ವೈದ್ಯ ಗೆಳೆಯರ ಮನೆಯಲ್ಲಿ ಆ ಭಾನುವಾರ ಸಂಜೆ ನಾವು ಆರು ಜನ ಸೇರಿದ್ದೆವು. ವೈದ್ಯರು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಅವರ ಪತ್ನಿ, ಜೀನ್ಸ್ ಹೊಲಿಯುವ ಘಟಕ ನಡೆಸುವ ಗೆಳೆಯ, ಸಂಡೂರಿನ ಅದಿರು ಗುಡ್ಡಗಳಲ್ಲಿ ಆಯುಷ್ಯ ಸವೆಸಿದ ನಿವೃತ್ತ ಭೂವಿಜ್ಞಾನಿ, ಒಬ್ಬ ವಕೀಲರು ಮತ್ತು ನಾನು. ಮೇಜಿನ ಮೇಲೆ ಐದು ಬಾಟಲಿಗಳಿದ್ದವು. ವಿದೇಶದಿಂದ ಬರುವ ಪ್ರಯಾಣಿಕನೊಬ್ಬ ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್ ಮಾತ್ರ, ಅಂದರೆ 750 ಮಿಲಿಲೀಟರಿನ ಎರಡು ಬಾಟಲಿ. ಆಮದು ವೈನಿನ ಮೇಲೆ ಎಷ್ಟೋ ವರ್ಷ ಶೇ 150ರ ಸೀಮಾಸುಂಕವಿದ್ದ ದೇಶದಲ್ಲಿ ನಮ್ಮಂಥವರ ಸಂಗ್ರಹವೆಲ್ಲ ಹೀಗೆ ಸೂಟ್‌ಕೇಸಿನ ಬಟ್ಟೆಗಳ ನಡುವೆ ಬಂದದ್ದೇ.

ಐದರಲ್ಲಿ ಎರಡು ಒಂದೇ ಜಾತಿಯವು. ವೈದ್ಯರೂ ವಕೀಲರೂ ಹಿಂದೊಮ್ಮೆ ಒಟ್ಟಿಗೆ ಸ್ಪೇನ್ ಪ್ರವಾಸ ಹೋಗಿದ್ದಾಗ ಒಂದೇ ಅಂಗಡಿಯಲ್ಲಿ, ಒಂದೇ ಪೆಟ್ಟಿಗೆಯಿಂದ ತೆಗೆಸಿಕೊಂಡ, ಅಲ್ಲಿನ ರಿಯೋಹಾ ಸೀಮೆಯ ಗ್ರಾನ್ ರೆಸೆರ್ವಾ, 2004ರ ಫಸಲು. ವೈದ್ಯರು ತಮ್ಮದನ್ನು ವೈನಿಗೆಂದೇ ಮಾಡಿದ ಸಣ್ಣ ಫ್ರಿಜ್ಜಿನಲ್ಲಿ ಮಲಗಿಸಿಟ್ಟರು. ವಕೀಲರು ತಮ್ಮದನ್ನು ಕೌಲ್ ಬಜಾರಿನ ಮನೆಯ ಗೋಡೆ ಅಲಮಾರಿಯಲ್ಲಿ, ಕಾನೂನು ಪುಸ್ತಕಗಳ ಹಿಂದೆ ನೆಟ್ಟಗೆ ನಿಲ್ಲಿಸಿಟ್ಟರು. ಆ ಎರಡನ್ನೂ ಎದುರುಬದುರಾಗಿ ರುಚಿ ನೋಡುವುದೇ ಆ ಸಂಜೆಯ ಮುಖ್ಯ ಕಾರ್ಯಕ್ರಮ. ಉಳಿದವು ಅದರ ಹಿಂದೆ ಮುಂದೆ.

ನಮ್ಮ ಬಳಗದಲ್ಲಿ ಒಂದು ಕಟ್ಟುಪಾಡಿದೆ. ಗ್ಲಾಸು ಮೂಗಿಗೆ ಹಿಡಿದ ಮೇಲೆ ಯಾರೂ ಬಾಯಿ ಬಿಡುವಂತಿಲ್ಲ, ಪ್ರತಿಯೊಬ್ಬರೂ ಚೀಟಿಯ ಮೇಲೆ ಮೂರೇ ಮೂರು ವಾಸನೆಗಳನ್ನು ಬರೆದ ನಂತರ ಮಾತು. ಒಬ್ಬರು ‘ಚೆರ್ರಿ’ ಎಂದುಬಿಟ್ಟರೆ ಉಳಿದ ಐವರಿಗೂ ಚೆರ್ರಿಯೇ ಹೊಡೆಯುತ್ತದೆ. ಕಣ್ಣು ಇನ್ನೂ ದೊಡ್ಡ ಮೋಸಗಾರ. ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಫ್ರಾನ್ಸಿನ ಬೋರ್ಡೋದ 54 ವೈನ್ ವಿದ್ಯಾರ್ಥಿಗಳಿಗೆ ಕೊಟ್ಟಾಗ ಅವರು ಅದನ್ನು ಕೆಂಪು ವೈನಿಗೆ ಬಳಸುವ ಪದಗಳಿಂದಲೇ ಬಣ್ಣಿಸಿದರೆಂಬ ಪ್ರಯೋಗ 2001ರಲ್ಲಿ ಪ್ರಕಟವಾಗಿದೆ. ಪಳಗಿದ ಮೂಗುಗಳ ಪಾಡೇ ಅದಾದರೆ ನಮ್ಮದೇನು! ಅದಕ್ಕೇ ಜೀನ್ಸ್ ಗೆಳೆಯ ಘಟಕದಲ್ಲಿ ಉಳಿದ ತುಂಡು ಬಟ್ಟೆಯಿಂದ ಬಾಟಲಿಗಳಿಗೂ ಗ್ಲಾಸುಗಳಿಗೂ ಡೆನಿಮ್ ಗವಸುಗಳನ್ನು ಹೊಲಿಸಿ ತಂದಿದ್ದ, ಬಾಟಲಿಯ ಗವಸಿಗೆ ಜೇಬು ಕೂಡ ಇತ್ತು. ಬಾಟಲಿಗಳ ಹಿಂಬದಿಯಲ್ಲಿ ಅಚ್ಚಾಗುವ ಹದಿನೈದು ಹಣ್ಣು, ಹತ್ತು ಹೂವುಗಳ ವರ್ಣನೆಯಲ್ಲಿ ನನಗೆ ನಂಬಿಕೆಯಿಲ್ಲ. ಮನುಷ್ಯನ ಮೂಗು ಒಂದೇ ಉಸಿರಿನಲ್ಲಿ ಅಷ್ಟನ್ನೆಲ್ಲ ಬಿಡಿಸಿ ಹೇಳಲಾರದು.

ಮೊದಲು ತೆರೆದದ್ದು ಎಲ್ಲಕ್ಕಿಂತ ಹಿರಿಯದನ್ನು, ಮೆದೋಕಿನ 1996ನ್ನು. ಮೆದೋಕ್ ಬೋರ್ಡೋ ಸೀಮೆಯಲ್ಲಿ ಜಿರೋಂದ್ ಅಳಿವೆಯ ಎಡದಂಡೆಯ ಪ್ರದೇಶ. ಅಲ್ಲಿನ ವೈನುಗಳಲ್ಲಿ ಕ್ಯಾಬರ್ನೆ ಸೋವಿನ್ಯೋಂ ದ್ರಾಕ್ಷಿಯದೇ ಹೆಚ್ಚು ಪಾಲು. ಹಳೆಯ ವೈನ್ ತೆರೆದ ಮೇಲೆ ಬೇಗ ಸೊರಗುತ್ತದೆ, ಕಟ್ಟುಮಸ್ತಾದ ಎಳೆಯ ವೈನುಗಳ ನಂತರ ಬಂದರೆ ಅದರ ದನಿಯೇ ಕೇಳಿಸುವುದಿಲ್ಲ, ಹೀಗಾಗಿ ಅದಕ್ಕೆ ಮೊದಲ ಸ್ಥಾನ. ಗಸಿ ತಳಕ್ಕಿಳಿಯಲೆಂದು ವೈದ್ಯರು ಶುಕ್ರವಾರವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದ್ದರು. ಅಷ್ಟು ವರ್ಷದ ಬಿರಡೆಗೆ ತಿರುಪಿನ ಓಪನರ್ ಹಾಕಿದರೆ ಅದು ಪುಡಿಪುಡಿಯಾಗುತ್ತದೆ. ಎರಡು ತೆಳು ಅಲಗುಗಳನ್ನು ಬಿರಡೆಯ ಆಚೀಚೆ ಇಳಿಸಿ ತಿರುಗಿಸುತ್ತ ಎಳೆಯುವ ಸಾಧನವೊಂದಿದೆ, ಅದನ್ನು ಬಳಸಿದರೂ ಅರ್ಧ ಬಿರಡೆ ಒಳಗೇ ಮುರಿಯಿತು. “ನಿಧಾನ ಡಾಕ್ಟ್ರೇ, ಇದು ಆಪರೇಷನ್ ಅಲ್ಲ,” ಎಂದರು ವಕೀಲರು. ಎರಡನೆಯ ಪ್ರಯತ್ನಕ್ಕೆ ಉಳಿದರ್ಧವೂ ಮೇಲೆ ಬಂತು.

ಮೊಬೈಲಿನ ಟಾರ್ಚನ್ನು ಬಾಟಲಿಯ ಕುತ್ತಿಗೆಯ ಕೆಳಗೆ ಹಿಡಿದು ವೈನನ್ನು ಗಾಜಿನ ಹೂಜಿಗೆ ಸಣ್ಣ ಧಾರೆಯಲ್ಲಿ ಬಗ್ಗಿಸಿದರು. ಕೊನೆಯಲ್ಲಿ ಕಪ್ಪು ಎಳೆಯೊಂದು ಕುತ್ತಿಗೆಯತ್ತ ಹರಿದು ಬರುವುದು ಕಂಡ ಕೂಡಲೇ ನಿಲ್ಲಿಸಿದರು. ರಸಾಯನಶಾಸ್ತ್ರದ ಮೇಡಂ ಆ ಗಸಿಯನ್ನು ಬೆರಳ ತುದಿಗೆ ಸವರಿಕೊಂಡು ತೋರಿಸಿದರು. ಕೆಂಪು ವೈನಿನ ಬಣ್ಣ ದ್ರಾಕ್ಷಿಯ ಸಿಪ್ಪೆಯದು, ಒಗರು ಸಿಪ್ಪೆ ಮತ್ತು ಬೀಜಗಳ ಟ್ಯಾನಿನ್ನಿನದು. ವರ್ಷಗಳು ಕಳೆದಂತೆ ಬಣ್ಣದ ಕಣಗಳೂ ಟ್ಯಾನಿನ್ನುಗಳೂ ಒಂದಕ್ಕೊಂದು ಬೆಸೆದು ದೊಡ್ಡದಾಗಿ, ದ್ರವದಲ್ಲಿ ತೇಲಲಾರದೆ ತಳಕ್ಕಿಳಿಯುತ್ತವೆ. ಎಳೆಯ ವೈನ್ ಕುಡಿದಾಗ ನಾಲಿಗೆ ಬಾಳೆಕಾಯಿ ಕಚ್ಚಿದಂತೆ ಅಂಟಂಟಾಗಿ ಒಣಗುವುದು ಟ್ಯಾನಿನ್ ಎಂಜಲಿನ ಪ್ರೋಟೀನಿಗೆ ಹತ್ತಿಕೊಳ್ಳುವುದರಿಂದ. ಹಳೆಯದರಲ್ಲಿ ಆ ಹಿಡಿತ ಸಡಿಲವಾಗಿರುತ್ತದೆ. ಬಣ್ಣ ಕೆನ್ನೇರಳೆಯಿಂದ ಮಾಣಿಕ್ಯಕ್ಕೆ, ಅಲ್ಲಿಂದ ಇಟ್ಟಿಗೆ ಕೆಂಪಿಗೆ ತಿರುಗುವುದೂ ಇದೇ ಕಾರಣಕ್ಕೆ.

ಬಣ್ಣದ ವಿಷಯದಲ್ಲಿ ಜೀನ್ಸ್ ಗೆಳೆಯನ ಮಾತೇ ನಮಗೆ ಕಡೆಯ ಮಾತು. ಗವಸು ತೆಗೆದ ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ಓರೆಯಾಗಿ ಹಿಡಿದು, ನಡುವಿನ ಬಣ್ಣವನ್ನಲ್ಲ, ಅಂಚಿನ ಬಣ್ಣವನ್ನು ನೋಡಬೇಕೆನ್ನುತ್ತಾನೆ. ಬಣ್ಣ ಹಾಕಿದ ಬಟ್ಟೆಯನ್ನು ತೊಳೆದು ತೊಳೆದು ಎಷ್ಟು ಬಿಡುತ್ತದೆಂದು ನೋಡುವುದೇ ಕಸುಬಾದವನು ಅವನು. ಮೆದೋಕಿನ ಅಂಚು ಬೆರಳಗಲ ಕಂದಾಗಿ, ತುದಿಯಲ್ಲಿ ನೀರಿನಷ್ಟು ತಿಳಿಯಾಗಿತ್ತು. “ಅಕ್ಕಾ, ಇದರಾಗ ಇನ್ನು ಬಿಡೋಕೆ ಬಣ್ಣ ಉಳಿದಿಲ್ರಿ,” ಎಂದು ಮೇಡಂಗೆ ಹೇಳಿದ.

ಆದರೂ ಮೂಗಿಗೆ ಅದು ಸೊಗಸಾಗಿತ್ತು. ನಮ್ಮ ಚೀಟಿಗಳಲ್ಲಿ ಮೂರು ಒಂದೇ ವಾಸನೆಯನ್ನು ಹೇಳಿದವು: ಆಗಷ್ಟೇ ಕೆತ್ತಿದ ಪೆನ್ಸಿಲಿನ ಸಿಪ್ಪೆ. ಪೆನ್ಸಿಲಿಗೆ ಬಳಸುವುದು ಸೀಡರ್ ಜಾತಿಯ ಮರ, ಹಳೆಯ ಮೆದೋಕನ್ನು ಬಣ್ಣಿಸುವವರು ಮತ್ತೆ ಮತ್ತೆ ಹೇಳುವುದೂ ಅದೇ ವಾಸನೆಯನ್ನು. ಅದರ ಕೆಳಗೆ ಒಣಗಿದ ಹೊಗೆಸೊಪ್ಪು, ಇನ್ನೂ ಕೆಳಗೆ ಹಸಿ ದಪ್ಪ ಮೆಣಸಿನಕಾಯಿಯ ಒಂದು ಎಳೆ. ಈ ಕೊನೆಯದು ಕ್ಯಾಬರ್ನೆಯ ಜಾತಿಗುಣ, ದಪ್ಪ ಮೆಣಸಿನಕಾಯಿಯಲ್ಲಿರುವ ಪೈರಜೀನ್ ಎಂಬ ಸಂಯುಕ್ತ ಆ ದ್ರಾಕ್ಷಿಯಲ್ಲೂ ಇದೆ. ಹಣ್ಣಿನ ರುಚಿ ಮಾತ್ರ ಬಹುಪಾಲು ಹೊರಟುಹೋಗಿತ್ತು. ಮೊದಲ ಗುಟುಕು ಚೆನ್ನಾಗಿತ್ತು, ಅರ್ಧ ಗಂಟೆಯ ನಂತರದ್ದು ತೆಳುವಾಗಿ ಹುಳಿಯೊಂದೇ ಉಳಿದಿತ್ತು. ಹತ್ತು ವರ್ಷ ಮೊದಲೇ ಇದನ್ನು ತೆರೆಯಬೇಕಿತ್ತೆಂಬುದು ನನ್ನ ತೀರ್ಮಾನ. ವೈದ್ಯರು ಇದನ್ನು ಒಪ್ಪಲಿಲ್ಲ, ವಯಸ್ಸಾದವರಿಂದ ಕುಸ್ತಿ ನಿರೀಕ್ಷಿಸಬಾರದೆಂದರು.

ಆಮೇಲೆ ರಿಯೋಹಾ ಜೋಡಿ. ಯಾವುದು ಯಾರದೆಂದು ತಿಳಿಯದಂತೆ ಮೇಡಂ ಒಳಮನೆಯಲ್ಲಿ ಬಗ್ಗಿಸಿ, ಗವಸು ತೊಡಿಸಿದ ಗ್ಲಾಸುಗಳನ್ನು ತಂದಿಟ್ಟರು. ರಿಯೋಹಾದಲ್ಲಿ ಗ್ರಾನ್ ರೆಸೆರ್ವಾ ಎಂದು ಬರೆಯಬೇಕಾದರೆ ಕೆಂಪು ವೈನ್ ಮಾರಾಟಕ್ಕೆ ಮೊದಲು ಕನಿಷ್ಠ ಐದು ವರ್ಷ ಮಾಗಿರಬೇಕು, ಅದರಲ್ಲಿ ಎರಡು ವರ್ಷವಾದರೂ ಓಕ್ ಪೀಪಾಯಿಯಲ್ಲಿ. ಅಲ್ಲಿನವರೇ ‘ಅತ್ಯುತ್ತಮ’ ಎಂದು ಅಧಿಕೃತವಾಗಿ ಸಾರಿದ ಫಸಲು 2004ರದು. ಅಂದರೆ ಈ ಎರಡೂ ಬಾಟಲಿಗಳು ಒಳ್ಳೆಯ ಮನೆತನದಲ್ಲಿ ಹುಟ್ಟಿ, ಒಟ್ಟಿಗೆ ಬೆಳೆದು, ನಮ್ಮೂರಿಗೆ ಬಂದ ಮೇಲಷ್ಟೇ ಬೇರೆಯಾದವು.

ಎಡಗಡೆಯ ಗ್ಲಾಸಿನ ಬಗ್ಗೆ ಭೂವಿಜ್ಞಾನಿಗಳ ಚೀಟಿಯಲ್ಲಿ ಹೀಗಿತ್ತು: ಒಣ ಕೊಬ್ಬರಿ, ಚರ್ಮದ ಹೊಸ ಚೀಲ, ಮೊದಲ ಮಳೆ ಬಿದ್ದ ಕೆಂಪು ಮಣ್ಣು. ಕೊಬ್ಬರಿ ಎಂದು ನಾನೂ ಬರೆದಿದ್ದೆ. ರಿಯೋಹಾದಲ್ಲಿ ಹಿಂದಿನಿಂದಲೂ ಬಳಸುತ್ತ ಬಂದಿರುವುದು ಅಮೆರಿಕದ ಓಕ್. ಆ ಮರದಲ್ಲಿ ಹೇರಳವಾಗಿರುವ ಲ್ಯಾಕ್ಟೋನುಗಳು ತೆಂಗಿನ ವಾಸನೆಯವು, ವೈನ್ ಅದನ್ನು ಪೀಪಾಯಿಯಿಂದ ಹೀರಿಕೊಂಡಿರುತ್ತದೆ. ಬಾಯಿಗೆ ಹಾಕಿದರೆ ಮೊದಲು ಹುಣಸೆಯಷ್ಟು ಚುರುಕಲ್ಲದ ಮೆತ್ತನೆಯ ಹುಳಿ, ನಡುವೆ ಒಣಗಿಸಿದ ಚೆರ್ರಿ, ಕೊನೆಯಲ್ಲಿ ಒಗರು ನಾಲಿಗೆಯ ಬದಿಗಳನ್ನಷ್ಟೇ ಸವರಿ ಸರಿಯುತ್ತಿತ್ತು. ನುಂಗಿದ ಮೇಲೂ ಬಹಳ ಹೊತ್ತು ಬಾಯಲ್ಲಿ ಉಳಿಯಿತು. ಯಾರೂ ಎರಡನೆಯ ಗುಟುಕಿಗೆ ಅವಸರ ಮಾಡಲಿಲ್ಲ.

ಬಲಗಡೆಯದು ಮೂಗಿಗೆ ಹತ್ತಿರ ಬರುವ ಮೊದಲೇ ತನ್ನನ್ನು ಹೇಳಿಕೊಂಡಿತು. ಖರ್ಜೂರ, ಬೆಲ್ಲದ ಪಾಕ, ತಳ ಹತ್ತುವ ತನಕ ಕಾಯಿಸಿದ ಒಣದ್ರಾಕ್ಷಿ, ಅಂಚಿನಲ್ಲಿ ತುಸು ವಿನೆಗರ್. ಕೊಬ್ಬರಿಯೂ ಇಲ್ಲ, ಮಣ್ಣೂ ಇಲ್ಲ. ಕುಡಿದರೆ ಮುಂದೆ ಸಿಹಿಯ ಭ್ರಮೆ, ಹಿಂದೆ ಕಹಿ, ನಡುವೆ ಖಾಲಿ. ಗವಸು ತೆಗೆದಾಗ ಎಡಗಡೆಯದು ಇಟ್ಟಿಗೆ ಬಣ್ಣದ ಅಂಚಿನ ತಿಳಿ ಕೆಂಪಾಗಿತ್ತು, ಬಲಗಡೆಯದು ಮಂಕು ಕಂದಾಗಿತ್ತು. ವಕೀಲರು ಬಾಟಲಿ ನೋಡುವ ಮೊದಲೇ, “ಇದು ನಮ್ಮನೇದೇ ಬಿಡ್ರಿ, ಸಾಕ್ಷಿ ಬೇಕಿಲ್ಲ,” ಎಂದುಬಿಟ್ಟರು.

ಮೇಡಂ ಬಿರಡೆಗಳೆರಡನ್ನೂ ತಂದು ತಟ್ಟೆಯಲ್ಲಿಟ್ಟರು. ಫ್ರಿಜ್ಜಿನದರ ತುದಿ ಮಾತ್ರ ಕೆಂಪಾಗಿತ್ತು, ಉಳಿದದ್ದು ಗಟ್ಟಿಯಾಗಿ ಸ್ವಚ್ಛವಾಗಿತ್ತು. ಅಲಮಾರಿಯದು ಕುಗ್ಗಿ ಬಿರುಸಾಗಿತ್ತು, ಒಂದು ಬದಿಯಲ್ಲಿ ಕೆಂಪು ಗೆರೆಯೊಂದು ತುದಿಯಿಂದ ತಲೆಯ ತನಕ ಏರಿತ್ತು. ನಡೆದದ್ದನ್ನು ಆ ಗೆರೆಯೇ ಹೇಳುತ್ತಿತ್ತು. ಬಾಟಲಿ ನಿಂತೇ ಇದ್ದುದರಿಂದ ಬಿರಡೆ ಒಣಗಿತು. ಬೇಸಿಗೆಯ ಹಗಲಿನಲ್ಲಿ ವೈನ್ ಹಿಗ್ಗಿ ಗಾಳಿಯನ್ನೂ ತನ್ನನ್ನೂ ಹೊರಕ್ಕೆ ನೂಕಿತು. ತಣ್ಣಗಾದಾಗ ಕುಗ್ಗಿ ಹೊರಗಿನ ಗಾಳಿಯನ್ನು ಒಳಗೆಳೆದುಕೊಂಡಿತು. ವರ್ಷ ವರ್ಷವೂ ಇದೇ ನಡೆದಿದೆ. ಶಾಖದಲ್ಲಿ ರಾಸಾಯನಿಕ ಕ್ರಿಯೆಗಳೆಲ್ಲ ಚುರುಕಾಗುವುದರಿಂದ ಒಳಬಂದ ಆಮ್ಲಜನಕ ಹಣ್ಣಿನ ಪರಿಮಳವನ್ನೆಲ್ಲ ತಿಂದುಹಾಕಿದೆ. ಅಟ್ಲಾಂಟಿಕ್ಕಿನ ಮದೀರಾ ದ್ವೀಪದವರು ತಮ್ಮ ವೈನನ್ನು 45–50 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಬೇಕೆಂದೇ ಕಾಯಿಸುತ್ತಾರೆ, ಹಡಗಿನ ಹೊಟ್ಟೆಯಲ್ಲಿ ಉಷ್ಣವಲಯ ದಾಟಿದ ಪೀಪಾಯಿಗಳು ರುಚಿಯಾದದ್ದನ್ನು ಕಂಡು ಕಲಿತದ್ದು ಅದು. ಆದರೆ ಆ ವೈನಿಗೆ ಮದ್ಯಸಾರ ಬೆರೆಸಿ ಬಲ ಕೊಟ್ಟಿರುತ್ತಾರೆ, ಹುಳಿಯೂ ಜೋರಾಗಿರುತ್ತದೆ. ರಿಯೋಹಾದ್ದು ಆ ಶಿಕ್ಷೆಗೆ ತಯಾರಾದ ಒಡಲಲ್ಲ.

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಪ್ರಸಿದ್ಧ ಸಲಹೆಯ ಬಗ್ಗೆಯೂ ಇಲ್ಲೇ ಒಂದು ಮಾತು. ಆ ಕೋಣೆ ಹಳೆಯ ಯುರೋಪಿನ ಚಳಿಯ ಕೋಣೆ, ಅದರ ಅರ್ಥ 16ರಿಂದ 18 ಡಿಗ್ರಿ. ಬಳ್ಳಾರಿಯ ಕೋಣೆಯಲ್ಲಿ ಅದನ್ನು ಪಾಲಿಸಿದರೆ ಮದ್ಯಸಾರದ ಘಾಟು ಬಿಟ್ಟು ಬೇರೇನೂ ಸಿಗದು. ಜನವರಿಯಲ್ಲೂ ನಾವು ಹೂಜಿಯನ್ನು ಆಗಾಗ ಫ್ರಿಜ್ಜಿಗೆ ಸೇರಿಸುತ್ತಿದ್ದೆವು.

ಊಟಕ್ಕೆ ಜೋಳದ ರೊಟ್ಟಿ, ಖಾರ ಇಳಿಸಿ ಮಾಡಿಸಿದ ಮಟನ್ ಪಲ್ಯ, ಶೇಂಗಾ ಹಿಂಡಿ. ಜೊತೆಗಿರಲೆಂದು ಜೀನ್ಸ್ ಗೆಳೆಯ ದಾರಿಯಲ್ಲಿ ಕಟ್ಟಿಸಿಕೊಂಡು ಬಂದ ಮಿರ್ಚಿ ಬಜ್ಜಿಯನ್ನು ಮೇಡಂ ಕೊನೆಯ ತನಕ ಅಡುಗೆಮನೆಯಿಂದ ಹೊರಬಿಡಲಿಲ್ಲ. ಮೆಣಸಿನ ಖಾರ ಒಗರನ್ನೂ ಮದ್ಯಸಾರದ ಉರಿಯನ್ನೂ ಹೆಚ್ಚಿಸುತ್ತದೆ. ಮಾಂಸದ ಪ್ರೋಟೀನು, ಕೊಬ್ಬುಗಳು ಒಗರನ್ನು ಇಳಿಸುತ್ತವೆ. ನಮ್ಮ ಕಡೆಯ ಊಟಕ್ಕೂ ಕೆಂಪು ವೈನಿಗೂ ಹೊಂದಿಕೆಯಾಗದೆಂಬ ದೂರಿನ ಮೂಲ ಇಲ್ಲಿದೆ.

ಇಟಲಿಯ ಬರೋಲೋ 2006ರ ಬಗ್ಗೆ ಹೆಚ್ಚು ಹೇಳಲಾರೆ. ನೆಬ್ಬಿಯೋಲೋ ದ್ರಾಕ್ಷಿಯ ಬಣ್ಣ ತಿಳಿ, ಒಗರು ಮಾತ್ರ ಬಂಡೆಯಷ್ಟು ಗಟ್ಟಿ. ಗುಲಾಬಿ ಮತ್ತು ಡಾಂಬರು ಎಂಬ ಅದರ ಹೆಸರಾಂತ ಜೋಡಿ ವಾಸನೆ ಎಲ್ಲರಿಗೂ ಸಿಕ್ಕಿತು. ವೈದ್ಯರ ಚೀಟಿಯಲ್ಲಿ ಅದು ಗುಲ್ಕಂದ ಮತ್ತು ಹೊಸ ರಸ್ತೆ ಎಂದಾಗಿತ್ತು. ಇನ್ನೂ ಹತ್ತು ವರ್ಷ ಇಟ್ಟಿದ್ದರೂ ತಡೆಯುತ್ತಿತ್ತು. ನನಗೆ ಅದು ಗೌರವ ಹುಟ್ಟಿಸಿತೇ ಹೊರತು ಪ್ರೀತಿಯನ್ನಲ್ಲ.

ಕೊನೆಯ ಬಾಟಲಿ ಪಕ್ಕದ ಕೊಪ್ಪಳ ಜಿಲ್ಲೆಯದು. ಅಲ್ಲಿ ಬೆಳೆದ ದ್ರಾಕ್ಷಿಯಿಂದ ಕ್ರಸ್ಮಾ ಎಸ್ಟೇಟ್ಸ್ ‘ಹಂಪಿ ಹಿಲ್ಸ್’ ಹೆಸರಿನಲ್ಲಿ ಮಾಡಿದ ಕ್ಯಾಬರ್ನೆ ಸೋವಿನ್ಯೋಂ, ಹತ್ತು ವರ್ಷ ದಾಟಿದ್ದು. ನಮ್ಮಲ್ಲಿ ಬಳ್ಳಿಗೆ ಯುರೋಪಿನ ಹಾಗೆ ಚಳಿಗಾಲದ ನಿದ್ದೆಯಿಲ್ಲ. ವರ್ಷಕ್ಕೆರಡು ಸಲ ಚಾಟನಿ ಮಾಡಿ, ಮಳೆಗಾಲ ಮುಗಿದ ಮೇಲಿನ ಚಿಗುರಿನಲ್ಲಿ ಹಣ್ಣು ಹಿಡಿಸಿ, ಬೇಸಿಗೆ ಬಲಿಯುವ ಮೊದಲು ಕೊಯ್ಯುತ್ತಾರೆ. ಇಂಥ ಹಣ್ಣಿನ ವೈನ್ ಬಾಳಿಕೆ ಬಾರದೆಂಬ ಮಾತನ್ನು ನಾನೂ ಕೇಳುತ್ತ ಬಂದವನು. ಗ್ಲಾಸಿನಲ್ಲಿದ್ದದ್ದು ಬೇರೆ ಕಥೆ ಹೇಳಿತು: ಅಂಚಿನಲ್ಲಿ ಕಂದು ಆಗಷ್ಟೇ ಮೂಡುತ್ತಿತ್ತು, ನಡುವೆ ಕೆಂಪು ತುಂಬಿಕೊಂಡಿತ್ತು, ಮಾಗಿದ ನೇರಳೆ, ಪೆನ್ಸಿಲ್ ಸಿಪ್ಪೆ, ತುಸು ಕಬ್ಬಿಣ. ಕಬ್ಬಿಣ ಎಂದು ಬರೆದವರು ಭೂವಿಜ್ಞಾನಿಗಳು. ಅದಿರಿನ ಜೊತೆ ಬದುಕಿದವರಿಗೆ ಎಲ್ಲೆಡೆ ಅದೇ ಕಾಣುತ್ತದೆ ಎಂದು ವಕೀಲರು ಕಾಲೆಳೆದರು. ನಾನು ಮತ್ತೊಮ್ಮೆ ಮೂಸಿ ನೋಡಿ ಭೂವಿಜ್ಞಾನಿಗಳ ಕಡೆ ಮತ ಹಾಕಿದೆ. ಬರೋಲೋದ ಆಳ ಇದಕ್ಕಿಲ್ಲ, ಆದರೆ ಊಟದ ಜೊತೆ ಮೊದಲು ಖಾಲಿಯಾದ ಬಾಟಲಿ ಇದೇ.

ವಕೀಲರ ಅಲಮಾರಿಯಲ್ಲಿ ಇನ್ನೂ ಕೆಲವು ಬಾಟಲಿಗಳು ನಿಂತಿದ್ದವು. ಫ್ರಿಜ್ಜಿನಲ್ಲಿ ಎರಡಕ್ಕೆ ಮಾತ್ರ ಜಾಗ ಮಾಡಿಕೊಡಬಹುದೆಂದರು ವೈದ್ಯರು. ಬಿರಡೆಯ ತಲೆ ಉಬ್ಬಿರದ, ಕುತ್ತಿಗೆಯಲ್ಲಿ ವೈನಿನ ಮಟ್ಟ ಇಳಿದಿರದ ಎರಡನ್ನು ಆರಿಸಿ ಅಲ್ಲಿಗೆ ಸಾಗಿಸುವುದು, ಉಳಿದವನ್ನು ಶಿವರಾತ್ರಿ ಕಳೆದು ಬಿಸಿಲು ಏರುವ ಮೊದಲೇ ಎಲ್ಲರೂ ಸೇರಿ ಮುಗಿಸುವುದು ಎಂದು ತೀರ್ಮಾನವಾಯಿತು. ಕೆಟ್ಟ ರಿಯೋಹಾದ ಉಳಿಕೆಯನ್ನು ಮೇಡಂ ಚೆಲ್ಲಲಿಲ್ಲ. ಮರುದಿನದ ಮಟನ್ ಬೇಯಿಸುವಾಗ ಅದನ್ನು ಹಾಕಿ, ವಕೀಲರ ಮನೆಗೂ ಒಂದು ಡಬ್ಬಿ ಕಳಿಸಿದರು.