ಬಿಟ್ಟ ವ್ಯಾಯಾಮಕ್ಕೆ ಮರಳುವ ದಾರಿ

ದಾವಣಗೆರೆಯಲ್ಲಿ ವ್ಯಾಯಾಮ ಶುರು ಮಾಡುವುದು ಕಷ್ಟದ ಕೆಲಸವೇನಲ್ಲ. ಜನವರಿಯ ಮೊದಲ ವಾರ ಬೆಳಗಿನ ಆರು ಗಂಟೆಗೆ ಕುಂದವಾಡ ಕೆರೆಯ ಏರಿಯ ಮೇಲೆ ನಿಂತರೆ ಹೊಸ ಶೂ, ಹೊಸ ಟ್ರ್ಯಾಕ್ ಪ್ಯಾಂಟ್ ತೊಟ್ಟವರ ಸಾಲೇ ಕಾಣುತ್ತದೆ. ಯುಗಾದಿಯ ಹೊತ್ತಿಗೆ ಆ ಸಾಲು ಕರಗಿರುತ್ತದೆ. ಉತ್ಸಾಹ ಇಳಿಯಿತು ಎಂದು ಎಲ್ಲರೂ ಕಾರಣ ಹೇಳುತ್ತಾರೆ. ನಾನು ಅದನ್ನು ಪೂರ್ತಿಯಾಗಿ ಒಪ್ಪಲಾರೆ. ಮನೆಯಲ್ಲೊಂದು ಮದುವೆ, ನಾಲ್ಕು ದಿನದ ಜ್ವರ, ಮಕ್ಕಳ ಪರೀಕ್ಷೆ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಗೆಂದು ಬಂದಿಳಿಯುವ ನೆಂಟರು, ಹೀಗೆ ಯಾವುದೋ ಒಂದು ಕಾರಣಕ್ಕೆ ಎಂಟು ಹತ್ತು ದಿನ ತಪ್ಪುತ್ತದೆ. ಆಮೇಲೆ "ಏನ್ ಸಾರ್, ಬಾಳ ದಿನ ಆತು, ಕಾಣ್ಲೇ ಇಲ್ಲ" ಎಂಬ ಪ್ರಶ್ನೆಗೆ ಅಂಜಿ, ಬರಬೇಕೆಂಬ ಆಸೆ ಇರುವವರೂ ಮನೆಯಲ್ಲೇ ಉಳಿದುಬಿಡುತ್ತಾರೆ.

ಗರಡಿ ಮನೆಯವರು ಈ ಅಂಜಿಕೆಯನ್ನು ಬಲು ನಾಜೂಕಾಗಿ ನಿಭಾಯಿಸುತ್ತಾರೆ. ನಮ್ಮ ಓಣಿಯ ಹತ್ತಿರದ ಹಳೆಯ ಗರಡಿಯೊಂದಕ್ಕೆ, ಕೆಲಸಕ್ಕೆಂದು ಪರವೂರಿಗೆ ಹೋಗಿದ್ದ ಹುಡುಗನೊಬ್ಬ ಬಹಳ ತಿಂಗಳ ಮೇಲೆ ಬಂದಿದ್ದ. ಉಸ್ತಾದರು ಅವನನ್ನು ಕುಸ್ತಿಗೆ ಜೋಡಿ ಹಿಡಿಯಲು ಬಿಡಲಿಲ್ಲ, ಎಲ್ಲಿಗೆ ಹೋಗಿದ್ದೆ ಎಂದೂ ಕೇಳಲಿಲ್ಲ. "ಮೊದ್ಲು ಮಟ್ಟಿ ಹದ ಮಾಡಪ್ಪ" ಎಂದು ಗುದ್ದಲಿ ಕೊಟ್ಟರು. ಅವನು ಕೆಮ್ಮಣ್ಣನ್ನು ಅಡಿಯಿಂದ ಅಗೆದು, ಹೆಂಟೆ ಒಡೆದು, ಅರಿಶಿನ ಎಣ್ಣೆ ಬೆರೆಸಿ ಕಾಲಿನಿಂದ ಸಮ ಮಾಡುವ ಹೊತ್ತಿಗೆ ಬೆನ್ನೆಲ್ಲ ಬೆವರಾಗಿತ್ತು. ಅಂದಿನ ಸಾಮು ಅಷ್ಟೇ. ಮಾರನೆಯ ದಿನ ಒಂದಷ್ಟು ಬಸ್ಕಿ, ಅದರ ಮಾರನೆಯ ದಿನ ದಂಡ.

ಇದರಲ್ಲಿ ದೇಹದ ಲೆಕ್ಕವೂ ಇದೆ. ವ್ಯಾಯಾಮ ನಿಂತ ಎರಡರಿಂದ ನಾಲ್ಕು ವಾರಗಳಲ್ಲಿ ದಮ್ಮು ಕಡಿಮೆಯಾಗತೊಡಗುತ್ತದೆ, ಆದರೆ ಸ್ನಾಯುಗಳ ಬಲ ಅಷ್ಟು ಬೇಗ ಇಳಿಯುವುದಿಲ್ಲ. ಆದ್ದರಿಂದ ಮರಳಿ ಬಂದ ದಿನ ಅರ್ಧ ದಾರಿಗೇ ಏದುಸಿರು ಬಂದರೆ ಗಳಿಸಿದ್ದೆಲ್ಲ ಹೋಯಿತೆಂದು ತಿಳಿಯಬೇಕಿಲ್ಲ. ಬಿಟ್ಟ ದಿನಗಳ ಬಾಕಿಯನ್ನು ಒಂದೇ ಬೆಳಗಿನಲ್ಲಿ ತೀರಿಸ ಹೊರಟವರಿಗೆ ಮಾತ್ರ ಮೈಕೈ ನೋವು ಒಂದರಿಂದ ಮೂರು ದಿನಗಳಲ್ಲಿ ಜೋರಾಗಿ, ಮೆಟ್ಟಿಲು ಇಳಿಯುವುದೂ ಕಷ್ಟವಾಗಿ, ಎರಡನೆಯ ವಿರಾಮ ಅಲ್ಲಿಂದಲೇ ಆರಂಭವಾಗುತ್ತದೆ.

ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು 96 ಮಂದಿಯ ದಿನಚರಿಯನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಹಿಡಿಯುವ ಕಾಲ 18 ದಿನಗಳಿಂದ 254 ದಿನಗಳವರೆಗೆ ಹರಡಿಕೊಂಡಿತ್ತು, ನಡುವಣ ಅಂದಾಜು 66 ದಿನ. ಇಪ್ಪತ್ತೊಂದು ದಿನ ಮಾಡಿದರೆ ಅಭ್ಯಾಸವಾಗಿಬಿಡುತ್ತದೆ ಎಂಬ ಮಾತನ್ನು ಎಲ್ಲಿಂದಲೋ ಹಿಡಿದು ತಂದು ಭಾಷಣ ಮಾಡುವವರು ಇದನ್ನು ಓದಬೇಕು. ಅದೇ ಅಧ್ಯಯನದ ಪ್ರಕಾರ ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳುವುದಿಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ಶ್ರಮ ಬೇಕೆನ್ನುವ ವಿಶ್ವ ಆರೋಗ್ಯ ಸಂಸ್ಥೆಯೂ, ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ಷರತ್ತನ್ನು 2020ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿದೆ. ಮದುವೆ ಮನೆಯ ಓಡಾಟವನ್ನೂ ಚುರುಕಾಗಿ ಮಾಡಿದರೆ ಲೆಕ್ಕಕ್ಕೆ ಹಿಡಿಯಬಹುದು ಎಂದಾಯಿತು.

ನಮ್ಮ ಬೆಳಗಿನ ತಂಡದಲ್ಲಿ ಯಾರಾದರೂ ಒಂದು ವಾರ ಕಾಣದಿದ್ದರೆ, ನಿವೃತ್ತ ಬ್ಯಾಂಕ್ ನೌಕರರೊಬ್ಬರು ಫೋನ್ ಮಾಡುತ್ತಾರೆ. ಕಾರಣ ವಿಚಾರಿಸುವುದಿಲ್ಲ. "ನಾಳೆ ಆರಕ್ಕೆ ಗೇಟ್ ಹತ್ರ ಬರ್ರಿ, ಅರ್ಧ ದಾರಿ ಹೋಗಿ ವಾಪಸ್ ಬರೋಣ" ಎನ್ನುತ್ತಾರೆ, ಮಾತಿನಂತೆ ಅರ್ಧಕ್ಕೇ ತಿರುಗಿಸುತ್ತಾರೆ. ಬೇಸಿಗೆ ಬಂತೆಂದರೆ ಈ ಆರು ಗಂಟೆ ಐದೂವರೆಯಾಗುತ್ತದೆ, ಏಕೆಂದರೆ ಏಪ್ರಿಲ್‌ನಲ್ಲಿ ಬೇಗನೇ ಏರುವ ನಮ್ಮೂರ ಬಿಸಿಲಿಗೆ ಯಾವ ಛಲವೂ ನಿಲ್ಲುವುದಿಲ್ಲ. ಭಾನುವಾರ ನಡಿಗೆ ಮುಗಿಸಿ ಎಲ್ಲರೂ ಬೆಣ್ಣೆ ದೋಸೆ ತಿನ್ನುವ ಪದ್ಧತಿಯೂ ಇದೆ. ಕರಗಿಸಿದ್ದಕ್ಕಿಂತ ತಿಂದದ್ದೇ ಹೆಚ್ಚಾಯಿತೆಂದು ನನ್ನ ಮನೆಯವರು ನಗುತ್ತಾರೆ, ಬಹುಶಃ ನಿಜವೂ ಇರಬಹುದು. ಆದರೆ ವಾರವಿಡೀ ತಪ್ಪಿಸಿಕೊಂಡವರು ಕೂಡ ಭಾನುವಾರ ಮಾತ್ರ ಬರುತ್ತಾರಾದ್ದರಿಂದ, ದೋಸೆಯ ವಿಷಯದಲ್ಲಿ ನಾನು ಚಕಾರ ಎತ್ತುವುದಿಲ್ಲ.