ವೃಷಭಾವತಿಯ ಜೊತೆ ಬೈರಮಂಗಲದವರೆಗೆ

ದೊಡ್ಡಮ್ಮನ ಮನೆ ಬಿಡದಿ ಹತ್ತಿರದ ಬೈರಮಂಗಲ ಕೆರೆಯ ಕೆಳಗಿನ ಒಂದು ಹಳ್ಳಿಯಲ್ಲಿದೆ. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ದೊಡ್ಡಪ್ಪನನ್ನು ಬೈಕಿನಲ್ಲಿ ಊರಿಗೆ ಬಿಡಲು ಹೊರಟೆ. ‘ಹೊಳೆ ಪಕ್ಕದಲ್ಲೇ ಹೋಗೋಣ’ ಅಂದರು. ಬೆಂಗಳೂರಿನ ಕೊಳಚೆ ಹೊತ್ತು ಹರಿಯುವ ವೃಷಭಾವತಿಯನ್ನು ಅವರು ಇವತ್ತಿಗೂ ಮೋರಿ ಅನ್ನುವುದಿಲ್ಲ.

ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಈ ಹೊಳೆ ಹುಟ್ಟುತ್ತದೆ ಅನ್ನುವುದು ಹಳಬರ ನಂಬಿಕೆ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಇರುವುದೂ ಇದರ ದಂಡೆಯಲ್ಲೇ. ದೊಡ್ಡಪ್ಪ ಅಲ್ಲಿ ಇಳಿದು ಕೈಮುಗಿದರು. ಪಕ್ಕದಲ್ಲಿ ಕಪ್ಪು ನೀರು ಹರಿಯುತ್ತಿತ್ತು. ಕೆಂಗೇರಿ ದಾಟುವಾಗ, ಚಿಕ್ಕವರಿದ್ದಾಗ ಇದೇ ಹೊಳೆಯ ಮರಳಿನಲ್ಲಿ ಗುಂಡಿ ತೋಡಿ ಊರಿದ ನೀರನ್ನು ಕುಡಿಯುತ್ತಿದ್ದೆವು ಅಂದರು. ಬೇಸಿಗೆಯಲ್ಲಿ ಹೊಳೆ ಸಣ್ಣಗಾಗುತ್ತಿತ್ತಂತೆ.

ಈಗ ಸಣ್ಣಗಾಗುವ ಮಾತೇ ಇಲ್ಲ. 1974ರಲ್ಲಿ ಬೆಂಗಳೂರಿಗೆ ಕಾವೇರಿ ಬಂತು. ಸುಮಾರು 100 ಕಿ.ಮೀ. ದೂರದಿಂದ, 500 ಮೀಟರಿನಷ್ಟು ಮೇಲಕ್ಕೆ ಪಂಪ್ ಮಾಡಿ ತರುವ ನೀರು ಅದು. ಊರಿನ ಪಶ್ಚಿಮ ಭಾಗದವರು ಬಳಸಿ ಬಿಟ್ಟದ್ದೆಲ್ಲ ಇಳಿಜಾರು ಹಿಡಿದು ಇಲ್ಲಿಗೇ ಬರುತ್ತದೆ. ಅದರ ಜೊತೆಗೆ ಕಾರ್ಖಾನೆಗಳ ನೀರೂ ಸೇರುತ್ತದೆ. ನಾವು ಬತ್ತಿಹೋದ ನದಿಗಳಿಗಾಗಿ ಮರುಗುತ್ತೇವೆ. ಇದು ಬತ್ತದೇ ಹಾಳಾದ ನದಿ. ನನಗೆ ಅದೇ ಜಾಸ್ತಿ ಸಂಕಟ.

ಬೈರಮಂಗಲ ಕೆರೆ ಕಟ್ಟಿದ್ದು 1940ರ ದಶಕದಲ್ಲಿ, ಬೇಸಾಯಕ್ಕೆ ಅಂತಲೇ. ದೊಡ್ಡಮ್ಮ ಮದುವೆಯಾಗಿ ಬಂದಾಗ ಕಾಲುವೆ ನೀರಿಗೆ ಭತ್ತ, ಕಬ್ಬು ಬೆಳೆಯುತ್ತಿದ್ದರಂತೆ. ನಾವು ಹೋದಾಗ ಕೋಡಿಯ ಕೆಳಗೆ ಬಿಳಿ ನೊರೆ ರಾಶಿ ಬಿದ್ದಿತ್ತು, ಗಾಳಿ ಬೀಸಿದರೆ ರಸ್ತೆಗೂ ಹಾರುತ್ತಿತ್ತು. ಗದ್ದೆಗಳಲ್ಲಿ ಈಗ ಸೀಮೆಹುಲ್ಲು, ಬೇಬಿ ಕಾರ್ನ್, ಹಿಪ್ಪುನೇರಳೆ. ಆ ಹುಲ್ಲು ತಿಂದ ಹಸುಗಳ ಹಾಲು ಊರಿನ ಡೇರಿಗೆ ಹೋಗುತ್ತದೆ. ಮನೆಯ ಬೋರ್‌ವೆಲ್ ನೀರು ಪಾತ್ರೆ ತೊಳೆಯುವುದಕ್ಕೂ ಆಗದು. ಕುಡಿಯಲು ಕ್ಯಾನ್ ನೀರೇ ಗತಿ. ಕೆರೆ ದಾಟಿದ ಹೊಳೆ ಕನಕಪುರದ ಹತ್ತಿರ ಅರ್ಕಾವತಿ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಗೇ ಹೋಗುತ್ತದೆ.

ಮಧ್ಯಾಹ್ನ ಊಟಕ್ಕೆ ಪಕ್ಕದ ಮನೆಯವರೂ ಬಂದಿದ್ದರು. ಇಷ್ಟು ಕೊಳಕು ನೀರನ್ನು ಕೆರೆಗೆ ಬಿಡುವುದನ್ನೇ ನಿಲ್ಲಿಸಿದರೆ ಒಳ್ಳೆಯದಲ್ವಾ ಅಂತ ಕೇಳಿದೆ. ಅವರು ತಟ್ಟೆಯಿಂದ ತಲೆ ಎತ್ತಿ, ‘ನಿಲ್ಲಿಸಿದರೆ ನಮ್ಮ ಹಸುಗಳಿಗೆ ಹುಲ್ಲು ಎಲ್ಲಿಂದ ತರೋದು? ನೀರು ಬೇಡ ಅಂತ ನಾವು ಯಾವತ್ತೂ ಅಂದಿಲ್ಲ. ಅಲ್ಲೇ ಶುದ್ಧ ಮಾಡಿ ಕಳಿಸಿ ಅಂತ ಕೇಳ್ತಾ ಇದ್ದೀವಿ. ನೀವು ಬೆಂಗಳೂರಿನವರು, ನೀವೂ ಕೇಳಿ’ ಅಂದರು.