ಲಾಂಗ್ ಸ್ಟ್ರೋಕ್‌ಗೆ ಟಾರ್ಕ್ ಜಾಸ್ತಿ ಅಲ್ವಾ?

ಅಲ್ಲ. ಸ್ಟ್ರೋಕ್ (ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) ಉದ್ದ ಇದ್ದ ಮಾತ್ರಕ್ಕೆ ಟಾರ್ಕ್ (ತಿರುಗಿಸುವ ಬಲ) ಜಾಸ್ತಿ ಆಗಲ್ಲ. ಅವಸರ ಇರುವವರು ಇಲ್ಲಿಂದಲೇ ಹೊರಡಬಹುದು.

ನನಗೆ ಹಳೆಯ ರೇಸ್ ಬೈಕುಗಳ ಹುಚ್ಚು ಇದೆ ಎಂದು ಗೊತ್ತಾದವರೆಲ್ಲ ಇದನ್ನೇ ಕೇಳುತ್ತಾರೆ. ಅದೂ ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಬಂದಿರುತ್ತಾರೆ. ಹೂಂ ಅನ್ನುವುದೊಂದೇ ನನಗೆ ಉಳಿಸಿದ ಕೆಲಸ.

ಒಂದು ಮದುವೆ ಊಟದಲ್ಲಿ ಹೆಂಡತಿಯ ಸೋದರಮಾವ ಪಕ್ಕದ ಎಲೆಗೆ ಕೂತಿದ್ದರು. ಬುಲೆಟ್ ಓಡಿಸಿ ಓಡಿಸಿ ಸೊಂಟ ಸವೆಸಿಕೊಂಡವರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅಲ್ಲಪ್ಪಾ, ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿದ್ರೆ ಬೋಲ್ಟ್ ಸಲೀಸಾಗಿ ತಿರುಗುತ್ತೆ. ಕ್ರ್ಯಾಂಕ್ ಉದ್ದ ಆದ್ರೂ ಹಾಗೇ ತಾನೇ?" ಅಂದರು.

ಪೈಪಿನ ಮಾತು ಸರಿಯೇ. ಕ್ರ್ಯಾಂಕ್ ಅಂದರೆ ಪಿಸ್ಟನ್ನಿನ ಓಟವನ್ನು ಸುತ್ತಾಗಿ ಬದಲಿಸುವ ತೋಳು, ಅದರ ಉದ್ದ ಸ್ಟ್ರೋಕಿನ ಅರ್ಧ. ಆದರೆ ಪೈಪ್ ಸಿಕ್ಕಿಸಿದಷ್ಟೂ ಕೈಯ ಬಲ ಕಡಿಮೆ ಮಾಡಿದರೆ? ಸಿಸಿ ಅಷ್ಟೇ ಇರಬೇಕು, ಸ್ಟ್ರೋಕ್ ಉದ್ದ ಆಗಬೇಕು ಅಂದರೆ ಬೋರ್ (ಸಿಲಿಂಡರಿನ ಅಗಲ) ಕಿರಿದಾಗಲೇಬೇಕು. ಪಿಸ್ಟನ್ ಚಿಕ್ಕದಾದರೆ ಅದರ ಮೇಲೆ ಬೀಳುವ ಬಲವೂ ಕಡಿಮೆ. ಬ್ರಿಟನ್ನಿನ ಹಳೆಯ ರೇಸ್ ಬೈಕ್ ಮ್ಯಾಂಕ್ಸ್ ನಾರ್ಟನ್ 500 ನೋಡಿ. ಮಾರಾಟಕ್ಕೆ ಬರುತ್ತಿದ್ದ ಹಳೆಯದರಲ್ಲಿ ಬೋರ್ 79.6 ಮಿಮೀ, ಸ್ಟ್ರೋಕ್ 100. 1954ರಲ್ಲಿ ಅದು 86 ಮತ್ತು 85.6 ಆಯಿತು. ಪಿಸ್ಟನ್ನಿನ ವಿಸ್ತೀರ್ಣವನ್ನು ಕ್ರ್ಯಾಂಕಿನ ತೋಳಿನಿಂದ ಗುಣಿಸಿ: ಹಳೆಯದಕ್ಕೆ 49.8 ಚದರ ಸೆಂಮೀ ಗುಣಿಲೆ 5 ಸೆಂಮೀ, ಹೊಸದಕ್ಕೆ 58.1 ಗುಣಿಲೆ 4.28. ಎರಡೂ 249ರ ಆಸುಪಾಸಿನಲ್ಲೇ ಬರುತ್ತವೆ. ಇದನ್ನು ಎಲೆಯ ಮೇಲೆ, ಪಲ್ಯದ ಪಕ್ಕದಲ್ಲಿ, ಬೆರಳಲ್ಲೇ ಬರೆದು ತೋರಿಸಿದೆ. "ಲೆಕ್ಕ ಬೇರೆ, ರೋಡ್ ಬೇರೆ" ಅಂದ ಮಾವ ಮಜ್ಜಿಗೆಯವನನ್ನು ಕೂಗಿದರು.

ಹಾಗಾದರೆ ನಾರ್ಟನ್‌ನವರು ಸ್ಟ್ರೋಕ್ ಕತ್ತರಿಸಿದ್ದು ಯಾಕೆ? ಆರ್‌ಪಿಎಂಗಾಗಿ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳಿಗಾಗಿ. ಪಿಸ್ಟನ್ ಮಿತಿಮೀರಿ ಓಡಿದರೆ ಎಂಜಿನ್ ತಾಳುವುದಿಲ್ಲ. 100 ಮಿಮೀ ಸ್ಟ್ರೋಕ್‌ನಲ್ಲಿ 6000 ಆರ್‌ಪಿಎಂಗೇ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 20 ಮೀಟರ್ ಆಗಿಬಿಡುತ್ತದೆ. 85.6ರಲ್ಲಾದರೆ ಅದೇ ವೇಗಕ್ಕೆ 7000 ಸಿಗುತ್ತದೆ. ಅಗಲ ಬೋರ್‌ನಲ್ಲಿ ದೊಡ್ಡ ವಾಲ್ವ್‌ಗಳಿಗೂ (ಗಾಳಿ, ಹೊಗೆ ಹೋಗಿಬರುವ ಬಾಗಿಲುಗಳಿಗೂ) ಜಾಗ. ಟಾರ್ಕ್ ಅಷ್ಟೇ ಇದ್ದರೂ ಹೆಚ್ಚು ಸಲ ತಿರುಗಿದರೆ ಪವರ್ ಹೆಚ್ಚು. ಉದ್ದ ಸ್ಟ್ರೋಕಿನವರ ಪರವಾಗಿ ಒಂದು ಮಾತು ಹೇಳಬಹುದು: ಕಿರಿದಾದ ಬೋರ್‌ನಲ್ಲಿ ದಹನದ ಕೋಣೆ ಅಡಕವಾಗಿರುತ್ತದೆ, ಬೆಂಕಿ ಚೆನ್ನಾಗಿ ಹರಡುತ್ತದೆ. ಸರಿ, ಒಪ್ಪಿದೆ.

"ಮತ್ತೆ ಬುಲೆಟ್ ಹಾಗೆ ಎಳೆಯುತ್ತಲ್ಲ?" ಎಳೆಯುತ್ತೆ, ಸ್ವಾಮಿ. ಕಾರಣ, ಭಾರದ ಫ್ಲೈವೀಲ್ (ಕ್ರ್ಯಾಂಕಿನ ಜೊತೆ ತಿರುಗುವ ಚಕ್ರ), ಸಾಧು ಕ್ಯಾಮ್ (ವಾಲ್ವ್ ತೆರೆಯುವ ಭಾಗ), ಚಿಕ್ಕ ಪೋರ್ಟ್ (ಗಾಳಿಯ ದಾರಿ). ಬುಲೆಟ್ ಕಂಪನಿಯದೇ ಆದ ಕ್ಲಾಸಿಕ್ 350ರಲ್ಲಿ ಸ್ಟ್ರೋಕ್ 90 ಇದ್ದಾಗ 4000 ಆರ್‌ಪಿಎಂಗೆ 28 ನ್ಯೂಟನ್ ಮೀಟರ್, ಅದನ್ನು 85.8ಕ್ಕೆ ಇಳಿಸಿದ ಮೇಲೆ ಅದೇ 4000ಕ್ಕೆ 27. ಆ ಒಂದು ನ್ಯೂಟನ್ ಮೀಟರ್ ಹಿಡಿದುಕೊಂಡು ಜಗಳಕ್ಕೆ ಬರಬೇಡಿ.

ಟಾರ್ಕ್ ಎಷ್ಟು ಅನ್ನುವುದು ಬಿಟ್ಟು, ಎಷ್ಟು ಆರ್‌ಪಿಎಂನಿಂದ ಎಷ್ಟರವರೆಗೆ ಅಂತ ಯಾರೂ ಕೇಳುವುದಿಲ್ಲ ನೋಡಿ. ರೇಸ್ ಬೈಕಿನಲ್ಲಿ ಅದನ್ನು ತೀರ್ಮಾನಿಸುವುದು ಕ್ಯಾಮ್ ಮತ್ತು ಮೆಗಾಫೋನ್ ಎಕ್ಸಾಸ್ಟ್ (ತುತ್ತೂರಿಯಂತೆ ಅಗಲವಾಗುತ್ತಾ ಹೋಗುವ ಹೊಗೆ ಕೊಳವೆ). ಸರಿಯಾದ ಆರ್‌ಪಿಎಂನಲ್ಲಿ ಮೆಗಾಫೋನಿನಿಂದ ಹಿಂದಿರುಗುವ ಒತ್ತಡದ ಅಲೆ ಸಿಲಿಂಡರಿಗೆ ಹೊಸ ಗಾಳಿಯನ್ನು ಎಳೆದು ತುಂಬುತ್ತದೆ. ಅದಕ್ಕಿಂತ ಕೆಳಗೆ ಇದೇ ಅಲೆ ಅಪವೇಳೆಯಲ್ಲಿ ಬಂದು ಹೊಗೆಯನ್ನೇ ಒಳಕ್ಕೆ ನೂಕುತ್ತದೆ, ಎಂಜಿನ್ ಕೆಮ್ಮುತ್ತದೆ. ಬೈಕ್ ರೇಸಿಗೆ ಹೆಸರಾದ ಐಲ್ ಆಫ್ ಮ್ಯಾನ್ ದ್ವೀಪದ ಗವರ್ನರ್ಸ್ ಬ್ರಿಡ್ಜ್ ಎಂಬ ನಿಧಾನದ ತಿರುವಿನಲ್ಲಿ ಸವಾರರು ಕ್ಲಚ್ ಅರ್ಧ ಹಿಡಿದು ರೇಸ್ ಕೊಡುತ್ತಲೇ ಹೊರಬರಬೇಕಾಗಿದ್ದು ಇದಕ್ಕೇ. ಮ್ಯಾಂಕ್ಸ್‌ಗೆ ಇದ್ದದ್ದು ನಾಲ್ಕೇ ಗೇರ್. ಅವನ್ನು ಹತ್ತಿರ ಹತ್ತಿರ ಇಟ್ಟದ್ದರಿಂದ ಗೇರ್ ಬದಲಿಸಿದಾಗ ಆರ್‌ಪಿಎಂ ಮುಳ್ಳು ಎಂಜಿನ್ ಚೆನ್ನಾಗಿ ಎಳೆಯುವ ಪಟ್ಟಿಯಿಂದ ಕೆಳಗೆ ಬೀಳುತ್ತಿರಲಿಲ್ಲ. ಅದರ ಬೆಲೆ, ಫಸ್ಟ್ ಗೇರೇ ಸಿಕ್ಕಾಪಟ್ಟೆ ಎತ್ತರ, ನಿಧಾನಕ್ಕೆ ಹೊರಡುವುದೇ ಕಷ್ಟ.

1967ರ 50 ಸಿಸಿ ಸುಜುಕಿ ರೇಸ್ ಬೈಕಿನಲ್ಲಿ ಆ ಪಟ್ಟಿ ಎಷ್ಟು ಸಪೂರ ಇತ್ತೆಂದರೆ ಅದಕ್ಕೆ 14 ಗೇರ್ ಹಾಕಿದ್ದರು. ಅದರ ಬಗ್ಗೆ ಕೇಳಿ. ರಾತ್ರಿಯಿಡೀ ಕೂತು ಹೇಳುತ್ತೇನೆ.